ಚಳಿ ಊರಲ್ಲಿ ಪ್ರಶಸ್ತಿ ಪಂದ್ಯ ಆಡಬಹುದಾ?

ಮಕ್ಕಳೇ, 2019ರ ಮಾರ್ಚ್ 9ರಂದು ನಮ್ಮ ಮದುಕ್ಕರೈಗೆ ಹತ್ತಿರದ ಕೊಯಮತ್ತೂರು ನೆಹರೂ ಕ್ರೀಡಾಂಗಣದಲ್ಲಿ ಚೆನ್ನೈ ಸಿಟಿ ತಂಡ ಮಿನರ್ವ ಪಂಜಾಬನ್ನು 3–1ರಿಂದ ಸೋಲಿಸಿ ಐ-ಲೀಗ್ ಫುಟ್‌ಬಾಲ್ ಪ್ರಶಸ್ತಿ ಗೆದ್ದಿತು. ಮೂರನೇ ಸ್ಥಾನ ಪಡೆದ ರಿಯಲ್ ಕಾಶ್ಮೀರ ತಂಡದ ಊರು ಶ್ರೀನಗರ. ಜನವರಿಯಲ್ಲಿ ಅಲ್ಲಿ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತೆ. ಅಂಥ ಊರಲ್ಲಿ ಪ್ರಶಸ್ತಿ ಪಂದ್ಯ ನಡೆಸಬಹುದಾ?

ಮೊದಲು ಚೆಂಡಿನ ಲೆಕ್ಕ ನೋಡೋಣ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಗಿಗಿಂತ 0.8 ಅಟ್ಮಾಸ್ಫಿಯರ್ ಹೆಚ್ಚು ಒತ್ತಡಕ್ಕೆ ಗಾಳಿ ತುಂಬಿದ್ದೀರಿ ಅನ್ನಿ. ಹೊರಗಿನ ಒತ್ತಡ 1 ಆದರೆ ಒಳಗಿನ ಒಟ್ಟು ಒತ್ತಡ 1.8. ಅದೇ ಚೆಂಡು ಸೊನ್ನೆ ಡಿಗ್ರಿಗೆ ತಣಿದರೆ 1.8 × 273 ÷ 303, ಅಂದರೆ ಸುಮಾರು 1.62. ಹೆಚ್ಚುವರಿ ಒತ್ತಡ ಬರೀ 0.62! ನಿಯಮದ ಕನಿಷ್ಠ ಮಿತಿ 0.6. ಚೆಂಡು ಮೆತ್ತಗಾಗುತ್ತೆ, ಪುಟಿಯೋದು ಕಡಿಮೆಯಾಗುತ್ತೆ.

ಹಾಗಂತ ಶ್ರೀನಗರ ಬೇಡ ಅನ್ನೋದು ನ್ಯಾಯವಲ್ಲ. ಮೈದಾನದಲ್ಲೇ ಗಾಳಿ ತುಂಬಬಹುದು, ವ್ಯಾಯಾಮದಿಂದ ಸ್ನಾಯು ಬೆಚ್ಚಗಾಗುತ್ತೆ. ಹೆಪ್ಪುಗಟ್ಟಿದ ಗಟ್ಟಿ ನೆಲ ಮಾತ್ರ ಅಪಾಯ. ಬಿಸಿಲೂ ಅಪಾಯವೇ: ಕತಾರ್‌ನ ಬೇಸಿಗೆ ಸೆಕೆಗಾಗಿಯೇ 2022ರ ವಿಶ್ವಕಪ್ ನವೆಂಬರ್–ಡಿಸೆಂಬರ್‌ನಲ್ಲಿ ನಡೆಯಿತು. ಊರನ್ನು ಕೈಬಿಡೋದಕ್ಕಿಂತ ತಿಂಗಳನ್ನು ಬದಲಿಸೋದು ಮೇಲು.

ಒಂದು ಟೆನಿಸ್ ಚೆಂಡನ್ನು ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟು, ಇನ್ನೊಂದನ್ನು ಹೊರಗಿಟ್ಟು, ಒಂದೇ ಎತ್ತರದಿಂದ ಬಿಡಿ. ಎಷ್ಟೆಷ್ಟು ಪುಟಿಯಿತು ಅಂತ ಅಳೆದು ತರಗತಿಯಲ್ಲಿ ಹೇಳಿ.