ತಲೆಬುರುಡೆ ಮುಟ್ಟಿ ಸೊಂಟನೋವಿಗೆ ಚಿಕಿತ್ಸೆ

ಶೇಂಗಾ ಕಳೆ ತೆಗೆಯೋದು, ಗಿಡ ಕೀಳೋದು, ಮೂಟೆ ಹೊರೋದು ಎಲ್ಲಾ ಬಗ್ಗಿ ಮಾಡೋ ಕೆಲಸ. ಬೆನ್ನುನೋವು ಇಲ್ಲದ ಬೆದ್ದಲು ರೈತ ನಮ್ಮ ಕಡೆ ಸಿಗೋದು ಕಷ್ಟ. ಅದಕ್ಕೇ ಈಗ ಪೇಟೆಯಲ್ಲಿ ಕೇಳಿಬರುವ 'ಕ್ರೇನಿಯೋಸೇಕ್ರಲ್ ಥೆರಪಿ' ಬಗ್ಗೆ ನಾನು ಕಂಡದ್ದು, ಕೇಳಿ ತಿಳಿದದ್ದು ಬರೆಯುತ್ತಿದ್ದೇನೆ. ಹೆಸರು ನಾಲಿಗೆಗೆ ತೊಡಕು. ಕ್ರೇನಿಯಂ ಅಂದ್ರೆ ತಲೆಬುರುಡೆ, ಸೇಕ್ರಂ ಅಂದ್ರೆ ಬೆನ್ನೆಲುಬಿನ ಬುಡದಲ್ಲಿರೋ ಮೂರು ಮೂಲೆಯ ಮೂಳೆ.

ಇದು ಅಮೆರಿಕದಲ್ಲಿ ಹುಟ್ಟಿದ್ದು. ವಿಲಿಯಂ ಸದರ್ಲ್ಯಾಂಡ್ ಎಂಬುವರು 1899ರ ಸುಮಾರಿಗೆ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಆಸ್ಟಿಯೋಪತಿ ಅನ್ನೋ ಕೈಚಿಕಿತ್ಸೆ ಕಲಿಯುತ್ತಿದ್ದರು. ಅಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದ ತಲೆಬುರುಡೆ ನೋಡಿದರಂತೆ. ಕಿವಿ ಪಕ್ಕದ ಮೂಳೆಯ ಅಂಚು ಮೀನಿನ ಕಿವಿರಿನ ಹಾಗೆ ಓರೆಯಾಗಿತ್ತು. ಹಾಗಾದರೆ ಇವು ಉಸಿರಾಡಿದ ಹಾಗೆ ಅಲುಗಾಡುತ್ತಿರಬೇಕು ಅಂತ ಅವರಿಗೆ ಹೊಳೆಯಿತು. 1970ರ ದಶಕದಲ್ಲಿ ಜಾನ್ ಅಪ್ಲೆಡ್ಜರ್ ಎಂಬ ಡಾಕ್ಟರು ಇದಕ್ಕೆ ಈಗಿನ ಹೆಸರು ಕೊಟ್ಟು ಹರಡಿದರು. ಮಿದುಳು, ಬೆನ್ನುಹುರಿ ಸುತ್ತಲಿನ ನೀರಿಗೆ ಒಂದು ಲಯ ಇದೆ, ನಿಮಿಷಕ್ಕೆ 6ರಿಂದ 12 ಸಲ ಏರಿಳಿಯುತ್ತೆ, ಅದು ತಪ್ಪಿದರೆ ಕೈಯಿಂದ ಸರಿಮಾಡಬಹುದು ಅನ್ನೋದು ಇವರ ವಾದ.

ಬೆಂಗಳೂರಿಗೆ ಹೋಗಿದ್ದಾಗ ನಾನೂ ನಮ್ಮ ಮನೆಯವರೂ ಮಾಡಿಸಿಕೊಂಡ್ವಿ. ಎಣ್ಣೆ ಇಲ್ಲ, ತಿಕ್ಕೋದಿಲ್ಲ, ಲಟಿಕೆ ಮುರಿಯೋದಿಲ್ಲ. ಬಟ್ಟೆ ತೊಟ್ಟೇ ಮಲಗಬೇಕು. ತಲೆ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಇಟ್ಟು ಸುಮ್ಮನೆ ಕೂರುತ್ತಾರೆ. ಒತ್ತುವ ಭಾರ ಐದು ಗ್ರಾಂ ಅಂತೆ, ಅಂದ್ರೆ ಐದಾರು ಒಣ ಶೇಂಗಾ ಕಾಯಿ ಅಂಗೈಲಿ ಇಟ್ಟಷ್ಟು. ಮುಕ್ಕಾಲು ಗಂಟೆ. ನನಗೆ ಗೊರಕೆಯೇ ಬಂತು! ಎರಡು ದಿನ ಮೈ ಹಗುರ ಇತ್ತು. ಮೂರನೇ ದಿನ ಕುಂಟೆ ಹೊಡೆದ ಸಂಜೆ ನೋವು ಅದೇ ಜಾಗಕ್ಕೆ ಬಂದು ಕೂತಿತು.

ಒಂದು ಸಲಕ್ಕೆ ಎರಡು ಸಾವಿರ, ಹತ್ತು ಸಲ ಬರಬೇಕು ಅಂದರು. ಇಪ್ಪತ್ತು ಸಾವಿರ ಅಂದ್ರೆ ಹಟ್ಟಿಯ ಟಗರು ಮಾರಬೇಕು. ನನ್ನ ತಂಗಿ ಮಗಳು ಫಿಸಿಯೋಥೆರಪಿ ಓದಿದವಳು. ಅವಳನ್ನ ಕೇಳಿದೆ.

"ಮಾವ, ಕೂಸಿನ ನೆತ್ತಿ ಮೆತ್ತಗಿರುತ್ತೆ. ದೊಡ್ಡವರ ತಲೆ ಮೂಳೆ ಬಿಗಿಯಾಗಿ ಹೆಣೆದುಕೊಂಡಿರುತ್ತೆ. ಐದು ಗ್ರಾಂ ಭಾರಕ್ಕೆ ಸರಿಯೋದಿಲ್ಲ" ಅಂದಳು. 1994ರಲ್ಲಿ ಅಮೆರಿಕದಲ್ಲಿ ಮೂವರು ಥೆರಪಿಸ್ಟರಿಂದ ಅದೇ 12 ಜನರ ಲಯ ಎಣಿಸಿದರಂತೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾಳೆ ಆಗಲಿಲ್ಲ. ನನಗೆ ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ತೋರಿಸೋರು ನೆನಪಾದರು. ಮೂವರನ್ನ ಕರೆಸಿದರೆ ಮೂರು ಕಡೆ ಕಲ್ಲು ನೆಡ್ತಾರೆ. ಜರ್ಮನಿಯಲ್ಲಿ 54 ಜನ ಕುತ್ತಿಗೆನೋವಿನವರ ಮೇಲೆ ಮಾಡಿದ ಒಂದು ಪರೀಕ್ಷೆಯಲ್ಲಿ ನೋವು ಕಡಿಮೆಯಾಗಿದ್ದೂ ಉಂಟು, 2016ರಲ್ಲಿ ಅಚ್ಚಾಗಿದೆ. ಆದರೆ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಮಾಡಿ ನೋಡಿದ 2024ರ ಲೆಕ್ಕದಲ್ಲಿ ಗುಣ ಕಾಣಲಿಲ್ಲವಂತೆ.

ಮೆತ್ತಗೆ ಮುಟ್ಟಿದರೆ ಮೈ ಸಡಿಲ ಆಗುತ್ತೆ, ಅದು ಸುಳ್ಳಲ್ಲ. ಲಕ್ವ ಹೊಡೆದು ಸ್ವಲ್ಪ ದಿನ ಆದವರು, ತಲೆಗೆ ಪೆಟ್ಟು ಬಿದ್ದವರು ಮಾತ್ರ ಇದರ ಹತ್ತಿರ ಹೋಗಬಾರದು. ಕೂಸಿನ ನೆತ್ತಿಯನ್ನೂ ಯಾರ ಕೈಗೂ ಒತ್ತಲು ಕೊಡಬೇಡಿ. ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದು ಸೋತು ಬಂದರೆ, ಉಚ್ಚೆ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿ ಒಂದೊಂದು ಗಂಟೆಯೂ ಲೆಕ್ಕ, ತಡ ಮಾಡಿದರೆ ಕಾಲು ಮತ್ತೆ ಬರದೇ ಇರಬಹುದು.

ಟಗರು ಹಟ್ಟಿಯಲ್ಲೇ ಇದೆ. ತಂಗಿ ಮಗಳು ಹೇಳಿಕೊಟ್ಟ ಮೂರು ವ್ಯಾಯಾಮ ದಿನಾ ಮಾಡ್ತೀನಿ, ಮೂಟೆ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸ್ತೀನಿ. ನಮ್ಮ ಮನೆಯವರು ಮಾತ್ರ, ಅವತ್ತು ಬಂದಂಥ ನಿದ್ದೆ ಮತ್ತೆ ಬರಲಿಲ್ಲ, ಇನ್ನೊಂದು ಸಲ ಹೋಗಬೇಕು ಅಂತಾರೆ. ಶೇಂಗಾ ಮಾರಿದ ಮೇಲೆ ಹೋಗಿ ಬರಲಿ ಬಿಡಿ.