ಧಾರಣೆ ಏರುವ ಮುಂಚೆ ಕಾಣುವ ಗುರುತುಗಳು



ಇರುವೆಗಳು ಮೊಟ್ಟೆ ಹೊತ್ತು ಸಾಲುಗಟ್ಟಿ ಎತ್ತರದ ಜಾಗಕ್ಕೆ ಹೊರಟರೆ ಮಳೆ ಹತ್ತಿರವಾಯಿತು ಎನ್ನುತ್ತಾರೆ ನಮ್ಮ ಹಿರಿಯರು. ಮೋಡ ಕಟ್ಟುವ ಮೊದಲೇ ಹೊಲ ಹಸನು ಮಾಡಿಕೊಳ್ಳುವ ಜನ ನಾವು. ಆದರೆ ಪೇಟೆಯ ವಿಷಯಕ್ಕೆ ಬಂದಾಗ ಮಾತ್ರ, ಹನಿ ತಲೆಯ ಮೇಲೆ ಬಿದ್ದ ಮೇಲೆ ಕಂಬಳಿ ಹುಡುಕುತ್ತೇವೆ. ಪೇಟೆಗೂ ಮುಂಗುರುತುಗಳುಂಟು. ಅವುಗಳನ್ನು ತಿಳಿಯುವುದು ಹೇಗೆಂಬುದನ್ನು ಈ ದಿನ ನೋಡೋಣ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಿ. ಧಾರಣೆ ಎಂಬುದು ಪೇಟೆಯ ಮೊದಲ ಸುದ್ದಿಯಲ್ಲ, ಕೊನೆಯ ಸುದ್ದಿ. ಅದು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

2023ನೇ ಇಸವಿಯ ಟೊಮೇಟೊ ನೆನಪಿದೆಯಲ್ಲವೇ? ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿಲೋ ನೂರು ರೂಪಾಯಿ ದಾಟಿತು. ಕೆಂಗೇರಿ ಕಡೆಯ ಯಜಮಾನರೊಬ್ಬರು ಆಗ ನನ್ನನ್ನು ಕೇಳಿದರು: "ಸ್ವಾಮಿ, ಎರಡೆಕರೆಗೂ ಟೊಮೇಟೊ ಹಾಕಿಬಿಡ್ತೀನಿ. ಸಾಲ ಮಾಡಿದರೂ ಒಂದೇ ಬೆಳೇಲಿ ತೀರುತ್ತೆ, ಅಲ್ವೇ?" ನಾನು ಅವರ ಜೊತೆ ಕುಳಿತು ಬೆರಳೆಣಿಸಿದೆ. ಸಸಿಮಡಿಯಲ್ಲಿ ಸುಮಾರು 25 ದಿನ. ನಾಟಿಯಾದ ಮೇಲೆ ಮೊದಲ ಕೊಯ್ಲಿಗೆ 60ರಿಂದ 70 ದಿನ. ಒಟ್ಟು ಮೂರು ತಿಂಗಳು. ಜುಲೈ ಧಾರಣೆ ನೋಡಿ ಬೀಜ ಚೆಲ್ಲಿದವರಿಗೆ ಹಣ್ಣು ಸಿಗುವುದು ಅಕ್ಟೋಬರಿನಲ್ಲಿ. ಅವರಂತೆಯೇ ಲೆಕ್ಕ ಹಾಕಿದವರು ನಾಡಿನ ತುಂಬ ಇದ್ದರು. ಸೆಪ್ಟೆಂಬರ್ ಹೊತ್ತಿಗೇ ಧಾರಣೆ ಕುಸಿಯಿತು. ದೇಶದ ಹಲವೆಡೆ ರೈತರು ಹಣ್ಣನ್ನು ರಸ್ತೆಗೆ ಸುರಿದರು. ಈ ಯಜಮಾನರು ಹತ್ತು ಗುಂಟೆಗೆ ಮಾತ್ರ ಹಾಕಿದ್ದರು. ನಷ್ಟವೇನೋ ಆಯಿತು, ಆದರೆ ಹೊಲ ಅಡವಿಡುವ ಪ್ರಮೇಯ ಬರಲಿಲ್ಲ.

ಹಾಗಾದರೆ ಏರಿದ ಧಾರಣೆಯನ್ನು ನಂಬಲೇಬಾರದೇ? ಹಾಗಲ್ಲ. ಏರಿಕೆಯಲ್ಲಿ ಎರಡು ಬಗೆ. ಮಾಲು ಕಡಿಮೆಯಾಗಿ ಏರುವುದು ಒಂದು. ತಿನ್ನುವವರು ಹೆಚ್ಚಾಗಿ ಏರುವುದು ಇನ್ನೊಂದು. 2023ರ ಟೊಮೇಟೊ ಮೊದಲನೆಯ ಬಗೆಯದು. ಹವಾಮಾನ ಕೆಟ್ಟು, ರೋಗ ತಗುಲಿ, ಇಳುವರಿ ತಗ್ಗಿತ್ತು. ಮಾಲು ಬಂದೊಡನೆ ಅಂಥ ಏರಿಕೆ ಇಳಿದುಹೋಗುತ್ತದೆ. ಎರಡನೆಯದು ನಿಧಾನವಾಗಿ ಬರುತ್ತದೆ, ಬಂದರೆ ಬಹಳ ಕಾಲ ನಿಲ್ಲುತ್ತದೆ.

ಎರಡನೆಯದಕ್ಕೆ ನಮ್ಮ ರಾಗಿಯೇ ಸಾಕ್ಷಿ. ಒಂದು ಕಾಲಕ್ಕೆ ಪೇಟೆಯವರು ರಾಗಿಯನ್ನು ಬಡವರ ಊಟವೆಂದು ಮೂಗು ಮುರಿದರು. ಆಮೇಲೆ ಸಕ್ಕರೆ ಕಾಯಿಲೆಯವರು ಅಂಗಡಿಯಲ್ಲಿ ರಾಗಿ ಹಿಟ್ಟು ಕೇಳತೊಡಗಿದರು. ಹುರಿಹಿಟ್ಟು, ರಾಗಿ ಮಾಲ್ಟ್, ರಾಗಿ ಬಿಸ್ಕತ್ತು ಪೊಟ್ಟಣಗಳಲ್ಲಿ ಬಂದವು. 2018ನ್ನು ಭಾರತ ಸರ್ಕಾರ ಸಿರಿಧಾನ್ಯಗಳ ವರ್ಷವೆಂದು ಸಾರಿತು. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷವನ್ನಾಗಿ ಆಚರಿಸಿತು. ಬೆಂಬಲ ಬೆಲೆ 2017-18ರಲ್ಲಿ ಕ್ವಿಂಟಾಲಿಗೆ 1,900 ರೂಪಾಯಿ ಇದ್ದದ್ದು 2018-19ರಲ್ಲಿ 2,897 ಆಯಿತು. 2025-26ರ ಹಂಗಾಮಿಗೆ 4,886 ರೂಪಾಯಿ ಗೊತ್ತುಪಡಿಸಿದರು. 2018ರ ನೆಗೆತಕ್ಕೆ ಖರ್ಚಿನ ಒಂದೂವರೆ ಪಟ್ಟು ಕೊಡಬೇಕೆಂಬ ಸರ್ಕಾರದ ಲೆಕ್ಕವೇ ಕಾರಣ. ಅದೆಲ್ಲವೂ ಗಿರಾಕಿಗಳ ಕೃಪೆಯಲ್ಲ. ಆದರೂ ಕಿರಾಣಿ ಅಂಗಡಿಯ ಅಡ್ಡೆಯ ಮೇಲೆ ಪೊಟ್ಟಣ ಕಂಡ ದಿನವೇ, ರಾಗಿಯನ್ನು ಇನ್ನು ಬೇರೆ ಜನವೂ ತಿನ್ನುತ್ತಾರೆಂದು ತಿಳಿಯಬಹುದಿತ್ತು.

ಇನ್ನು ಮುಂಗುರುತುಗಳನ್ನು ಎಲ್ಲಿ ನೋಡಬೇಕು? ಮೂರು ಕಡೆ ನೋಡಿ.

ಮೊದಲನೆಯದು, ಗಿರಾಕಿಯ ಪ್ರಶ್ನೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಸೊಪ್ಪು ಮಾರುವವರ ಪಕ್ಕದಲ್ಲಿ ಒಂದು ಬೆಳಗ್ಗೆ ಸುಮ್ಮನೆ ನಿಲ್ಲಿ. "ಎಷ್ಟು?" ಎಂದು ಎಲ್ಲರೂ ಕೇಳುತ್ತಾರೆ. "ಯಾವ ನೀರಲ್ಲಿ ಬೆಳೆದದ್ದಮ್ಮಾ ಇದು?" ಎಂದು ಕೇಳಿದರೆ ಕಿವಿ ನಿಮಿರಿಸಿ. ವೃಷಭಾವತಿ ಹೊಳೆ ಪಟ್ಟಣದ ಕೊಳಚೆ ಹೊತ್ತು ಕೆಂಗೇರಿ ಕಡೆಗೆ ಹರಿಯುವುದು ಈ ಭಾಗದವರಿಗೆಲ್ಲ ಗೊತ್ತು. ಇಂದು ಒಬ್ಬಾಕೆ ಕೇಳಿದ್ದನ್ನು ನಾಳೆ ಹತ್ತು ಜನ ಕೇಳುತ್ತಾರೆ. ಆಗ ಒಳ್ಳೆಯ ಕೊಳವೆಬಾವಿ ನೀರು ಕಟ್ಟುವವರ ಸೊಪ್ಪಿಗೆ ಬೇರೆಯೇ ಬೆಲೆ. ಇಲ್ಲ ಎಂದು ವಾಪಸು ಕಳಿಸಿದ ಗಿರಾಕಿ ಏನು ಕೇಳಿದ್ದರೆಂದು ಅಂಗಡಿಯವರನ್ನು ವಿಚಾರಿಸಿ. ಮಾರಾಟವಾದದ್ದು ಲೆಕ್ಕದ ಪುಸ್ತಕದಲ್ಲಿರುತ್ತದೆ, ಸಿಗದೆ ಹೋದದ್ದು ಎಲ್ಲಿಯೂ ಬರೆದಿರುವುದಿಲ್ಲ.

ಎರಡನೆಯದು, ಜನರ ಓಡಾಟ. ನಮ್ಮ ಮೆಟ್ರೋ ರೈಲು 2015ರ ನವೆಂಬರಿನಲ್ಲಿ ಮೈಸೂರು ರಸ್ತೆ ನಿಲ್ದಾಣ ಮುಟ್ಟಿತು. 2021ರ ಆಗಸ್ಟಿನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಬಂತು. ರೈಲು ಓಡುವುದಕ್ಕೆ ಎಷ್ಟೋ ಮೊದಲೇ ರಸ್ತೆಯ ನಡುವೆ ಕಂಬಗಳೆದ್ದವು. ಕಂಬವೆದ್ದ ಕಡೆ ಬಾಡಿಗೆ ಮನೆಗಳು ಏಳುತ್ತವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು ಬೆಳಗ್ಗೆ ಸಂತೆಗೆ ಹೋಗುವುದಿಲ್ಲ. ಸಂಜೆ ನಿಲ್ದಾಣದಿಂದ ಇಳಿದು ಬರುವಾಗ ಕಾಲು ಕಿಲೋ ಕೊಳ್ಳುತ್ತಾರೆ, ಬಿಡಿಸಿದ್ದು, ತೊಳೆದದ್ದು ಕೇಳುತ್ತಾರೆ. ಮೂಟೆ ಕಟ್ಟಿ ಕಲಾಸಿಪಾಳ್ಯಕ್ಕೆ ಕಳಿಸುವವರಿಗೆ ಇದರಿಂದ ಪ್ರಯೋಜನ ಕಡಿಮೆ. ಹತ್ತಿರದ ಹೊಲದವರು ಮಧ್ಯಾಹ್ನ ಕಿತ್ತು ಸಂಜೆಗೆ ತಂದರೆ ಪ್ರಯೋಜನವುಂಟು.

ಮೂರನೆಯದು, ಸರ್ಕಾರದ ಕಾಗದ. ಅಳತೆಯ ಕಲ್ಲು ನೆಡುವ ಮುಂಚೆ ಕಾಗದ ಹೊರಡುತ್ತದೆ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಪ್ರಾಥಮಿಕ ಅಧಿಸೂಚನೆ 2008ರಲ್ಲಿಯೇ ಹೊರಟಿತು. 4,043 ಎಕರೆಗೆ ಅಂತಿಮ ಅಧಿಸೂಚನೆ 2010ರಲ್ಲಿ ಬಂತು. ತೆಂಗಿನ ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಆದ್ದರಿಂದ ತೋಟ ಕಟ್ಟುವ ಮುಂಚೆ ನಿಮ್ಮ ಸರ್ವೆ ನಂಬರು ಯಾವುದಾದರೂ ಅಧಿಸೂಚನೆಯಲ್ಲಿದೆಯೇ ಎಂದು ನೋಡಿಸಿಕೊಳ್ಳಿ. ಪಕ್ಕದ ಊರಿನ ನಂಬರು ಇದ್ದರೂ ಅದು ನಿಮಗೊಂದು ಗುರುತೇ.

ಗುರುತು ಕಂಡ ಕೂಡಲೆ ಹೊಲವೆಲ್ಲ ಬದಲಿಸಬೇಡಿ. ಹೀಗೆ ಮಾಡಿ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಮೂರು ಸಾಲು ಬರೆದಿಡಿ: ಏನು ಕೇಳಿದರು, ಯಾರು ಕೇಳಿದರು, ಎಷ್ಟು ಕೇಳಿದರು. ಒಂದೇ ಮಾತು ಮೂರು ಬೇರೆ ಬೇರೆ ಬಾಯಿಂದ, ಎರಡು ಮೂರು ತಿಂಗಳು ಬಿಡದೆ ಬಂದರೆ ಐದು ಗುಂಟೆಯಲ್ಲಿ ಪರೀಕ್ಷೆ ಮಾಡಿ. ದಂಟು, ಮೆಂತ್ಯದಂಥ ಸೊಪ್ಪು ತಿಂಗಳೊಳಗೇ ಕೈಗೆ ಬರುತ್ತದೆ. ತಪ್ಪಿದರೂ ಕಳೆಯುವುದು ಒಂದು ಪಾತಿ.

ಬೆಳೆದದ್ದು ಹಸನಾಗುವುದು ಎಲ್ಲಿ ಎಂಬುದನ್ನೂ ಮೊದಲೇ ನೋಡಿ. ರಾಗಿಯನ್ನು ನೇರ ಗಿರಣಿಗೆ ಒಯ್ಯಬಹುದು. ನವಣೆ, ಸಾಮೆಗಳಿಗೆ ಸಿಪ್ಪೆ ತೆಗೆಯುವ ಯಂತ್ರ ಬೇಕು. ಅದು ಹತ್ತಿರವಿಲ್ಲದಿದ್ದರೆ ಪೊಟ್ಟಣದ ಬೆಲೆ ಪೊಟ್ಟಣದವನಿಗೇ ಹೋಗುತ್ತದೆ. ರಾಗಿಯನ್ನು ಬೆಂಬಲ ಬೆಲೆಗೆ ಕೊಡುವವರು ಫ್ರೂಟ್ಸ್ ನೋಂದಣಿಯನ್ನು ಬಿತ್ತನೆ ಕಾಲದಲ್ಲೇ ಸರಿ ಮಾಡಿಕೊಳ್ಳಿ. ಕಣದಲ್ಲಿ ರಾಶಿ ಬಿದ್ದ ಮೇಲೆ ಕಚೇರಿಗೆ ಓಡುವುದು ಬೇಡ.

ಹೆಸರನ್ನೂ ಕಾಲಕ್ಕೆ ತಕ್ಕಂತೆ ಬದಲಿಸಿಕೊಂಡ ಸಂಸ್ಥೆಯೊಂದು ನಮ್ಮಲ್ಲೇ ಇದೆ. ಇಂದು ಬಡಾವಣೆಗಳಲ್ಲಿ ಕಾಣುವ ಹಾಪ್‌ಕಾಮ್ಸ್, 1959ರಲ್ಲಿ ಹುಟ್ಟಿದಾಗ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ. ದ್ರಾಕ್ಷಿಯೊಂದನ್ನೇ ನಂಬಿ ಕೂರಲಿಲ್ಲ; ತರಕಾರಿ, ಬೇರೆ ಹಣ್ಣುಗಳನ್ನೂ ಸೇರಿಸಿಕೊಂಡು ಬೆಳೆಯಿತು. ದ್ರಾಕ್ಷಿಯನ್ನು ಬಿಡಲೂ ಇಲ್ಲ. ನೀವೂ ಹಾಗೆಯೇ, ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಅಂಚಿನಿಂದ ತನ್ನಿ.

ಗಾಳಿ ಬಂದಾಗ ತೂರಿಕೋ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಗಾಳಿ ಬಂದ ಹೊತ್ತಿಗೆ ಕಾಳು ಒಕ್ಕಿ ಕಣದಲ್ಲಿರಬೇಕು, ಮೊರ ಕೈಯಲ್ಲಿರಬೇಕು. ಈ ವಾರವೇ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು, ನಿಮ್ಮ ಮಾಲು ಮಾರುವ ಜಾಗದಲ್ಲಿ ಅರ್ಧ ಗಂಟೆ ನಿಂತು ಕೇಳಿಸಿಕೊಂಡು ಬನ್ನಿ.