ರೇಸಿನ ಹಾದಿಯಲ್ಲಿ ಕುದಿದ ಇಂಜಿನು, ಭಂಕೂರದ ನೀರು

ಕಾಫಿ ಸೀಮೆಗೂ ಮೋಟಾರು ಪಂದ್ಯಕ್ಕೂ ನಂಟು ಇಂದು ನಿನ್ನೆಯದಲ್ಲ. ಚಿಕ್ಕಮಗಳೂರು ಮತ್ತು ಕೊಡಗಿನ ತೋಟದ ರಸ್ತೆಗಳಲ್ಲಿ ರ್‍ಯಾಲಿಗಳು ನಡೆದಿವೆ. ತೋಟದ ಮನೆಗಳ ಎಷ್ಟೋ ಹುಡುಗರು ಅದರಲ್ಲಿ ಸ್ಟಿಯರಿಂಗ್ ಹಿಡಿದಿದ್ದಾರೆ. ಹಿಂದೆ ರೇಸು ನೋಡಬೇಕೆಂದರೆ ಮದರಾಸಿನ ಬಳಿಯ ಶೋಲಾವರಂಗೆ ಹೋಗಬೇಕಿತ್ತು. ಅದು ಯುದ್ಧಕಾಲದ ವಿಮಾನದ ಓಡುದಾರಿ. ಅಲ್ಲಿ ಓಡುತ್ತಿದ್ದವುಗಳಲ್ಲಿ ಬಹುಪಾಲು ನಾವು ನೀವು ಮದುವೆಗೆ ಹೋಗುತ್ತಿದ್ದ ಫಿಯೆಟ್ ಕಾರುಗಳೇ, ಒಳಗೆ ಸ್ವಲ್ಪ ಕೈಯಾಡಿಸಿದಂಥವು. 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾದ ಡಾಲ್ಫಿನ್ ಎಂಬ ಪುಟ್ಟ ಕಾರಿಗೂ ಪಂದ್ಯಗಳಲ್ಲಿ ಬೇಡಿಕೆ ಬಂತು. ಗಾಜಿನ ನಾರಿನ ಮೈ, ಅಲ್ಯೂಮಿನಿಯಂ ಇಂಜಿನು, ಹೂವಿನಂತೆ ಹಗುರ. 1990ರಲ್ಲಿ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಸರಿಯಾದ ರೇಸಿನ ಹಾದಿ ಸಿದ್ಧವಾಯಿತು. ಒಂದು ಸುತ್ತಿಗೆ ಸುಮಾರು 3.7 ಕಿಲೋಮೀಟರು. ಈಗ ಪಂದ್ಯವಿಲ್ಲದ ಕೆಲವು ದಿನಗಳಲ್ಲಿ ಹಣ ಕಟ್ಟಿ ಸ್ವಂತ ಕಾರನ್ನೇ ಅಲ್ಲಿ ಓಡಿಸಬಹುದು. ತೊಂದರೆ ಶುರುವಾಗುವುದು ಅಲ್ಲಿಂದ.

ನಮ್ಮ ಸದಸ್ಯರೊಬ್ಬರು ಕಾಫಿ ಕಣಕ್ಕೆ ಹಾಸುಗಲ್ಲು ತರಲೆಂದು ಕಲಬುರಗಿ ಕಡೆಗೆ ಹೋಗಿದ್ದರು. ಶಹಾಬಾದ್ ಕಲ್ಲು ಯಾರಿಗೆ ಗೊತ್ತಿಲ್ಲ? ಪದರ ಪದರವಾಗಿ ಏಳುವ ಸುಣ್ಣದ ಕಲ್ಲು. ಶಹಾಬಾದಿನ ಮಗ್ಗುಲಿಗೇ ಇರುವ ಭಂಕೂರದ ಸುತ್ತಲಿನ ನೆಲವೆಲ್ಲ ಆ ಜಾತಿಯದೇ. ಕಲ್ಲಿನ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದು ಧೂಳು ಹೊದ್ದು ನಿಂತಿತ್ತು. ಕಲ್ಲಿನ ಜೊತೆಗೆ ಕಾರೂ ಮಲೆನಾಡಿಗೆ ಬಂತು. ಮಗನಿಗೆ ಆನಂದ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಒಂದು ವರ್ಷ ಓಡಿತು. ಒಮ್ಮೆಯೂ ಮುಳ್ಳು ಮೇಲೇಳಲಿಲ್ಲ. ಆಮೇಲೆ ಹುಡುಗ ಅದನ್ನು ಇರುಂಗಾಟ್ಟುಕೋಟ್ಟೈಗೆ ಒಯ್ದ. ನಾಲ್ಕನೆಯ ಸುತ್ತಿನಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಎರಡನೆಯ ಸಲ ಹೋದಾಗಲೂ ನಾಲ್ಕನೆಯ ಸುತ್ತು, ಅದೇ ಹಬೆ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವಿದೆ. ಇಂಜಿನು ಕುದಿಯುವುದೆಂದರೆ ಬರೀ ನೀರು ಚೆಲ್ಲುವುದಲ್ಲ. ಈಗಿನ ಇಂಜಿನುಗಳ ತಲೆಭಾಗ ಅಲ್ಯೂಮಿನಿಯಮ್ಮಿನದು. ಅತಿಯಾಗಿ ಕಾದರೆ ಅದು ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ನೀರು ಆಯಿಲಿಗೆ ಇಳಿಯುತ್ತದೆ. ಹಾಗಾದ ಮೇಲೆ ಇಂಜಿನು ಬಿಚ್ಚಿಸುವ ಖರ್ಚನ್ನು ಕಾಫಿ ಮೂಟೆಗಳಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ಸದಸ್ಯರು ಕಾರನ್ನು ಮಾರಿಬಿಡುವ ಮಾತಾಡುತ್ತಿದ್ದರು.

ಒಂದು ವರ್ಷ ಕಾಯದ್ದು ಈಗ ಕಾದದ್ದೇಕೆ?

ಪೆಟ್ರೋಲಿನಲ್ಲಿರುವ ಶಾಖವನ್ನು ಸ್ಥೂಲವಾಗಿ ಮೂರು ಪಾಲು ಮಾಡಬಹುದು. ಒಂದು ಪಾಲು ಚಕ್ರ ತಿರುಗಿಸುತ್ತದೆ, ಒಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಉಳಿದುದರಲ್ಲಿ ಬಹುಭಾಗವನ್ನು ನೀರು ಹೊರಬೇಕು. ಅಂದರೆ ಇಂಜಿನು ಎಷ್ಟು ದುಡಿಯುತ್ತದೋ ಸುಮಾರು ಅಷ್ಟೇ ಶಾಖ ರೇಡಿಯೇಟರಿನ ತಲೆಗೆ. ಸಮತಟ್ಟು ರಸ್ತೆಯಲ್ಲಿ 80 ಕಿಲೋಮೀಟರು ವೇಗದಲ್ಲಿ ಸಣ್ಣ ಕಾರಿಗೆ ಹದಿನೈದು ಅಶ್ವಶಕ್ತಿ ಸಾಕು. ರೇಸಿನ ಹಾದಿಯಲ್ಲಿ ಅದೇ ಇಂಜಿನು ನೂರು, ನೂರಿಪ್ಪತ್ತು ಅಶ್ವಶಕ್ತಿಯನ್ನು ಮತ್ತೆ ಮತ್ತೆ ಕೊಡುತ್ತದೆ, ಮಧ್ಯೆ ಉಸಿರಾಡಲು ಬಿಡುವಿಲ್ಲ. ಅರ್ಧ ಕಟ್ಟಿಹೋದ ರೇಡಿಯೇಟರ್ ಕೂಡ ಹದಿನೈದನ್ನು ನಿಭಾಯಿಸುತ್ತದೆ, ನೂರನ್ನು ನಿಭಾಯಿಸಲಾರದು. ಮೂಟೆ ತುಂಬಿದ ಪಿಕಪ್ಪು ಚಾರ್ಮಾಡಿ ಘಾಟಿಯನ್ನು ಎರಡನೆಯ ಗೇರಿನಲ್ಲಿ ಹತ್ತುವಾಗ ಆಗುವುದೂ ಇದೇ.

ಹೊರಗಿನ ಗಾಳಿಯ ಲೆಕ್ಕವೂ ಉಂಟು. ರೇಡಿಯೇಟರಿನ ನೀರು 95 ಡಿಗ್ರಿ, ಮಲೆನಾಡಿನ ಗಾಳಿ 25 ಡಿಗ್ರಿ ಎಂದುಕೊಂಡರೆ ಅಂತರ 70. ಭಂಕೂರದ ಮೇ ತಿಂಗಳ ಮಧ್ಯಾಹ್ನ ಗಾಳಿಯೇ 43, 44 ಡಿಗ್ರಿ ಇರುತ್ತದೆ; ಅಂತರ 51ಕ್ಕೆ ಇಳಿಯಿತು. ಶಾಖ ಹೊರಹೋಗುವುದು ಈ ಅಂತರಕ್ಕೆ ತಕ್ಕಂತೆ. ಕಾರು ಅದೇ, ರೇಡಿಯೇಟರೂ ಅದೇ, ಕೆಲಸ ಮಾತ್ರ ಕಾಲುಭಾಗಕ್ಕಿಂತ ಹೆಚ್ಚು ಕುಂದಿತು. ಅಲ್ಲಿ ಕಲ್ಲು ಹೇರುವ ಲಾರಿಯವರು ಬೇಸಿಗೆಯಲ್ಲಿ ಹೊತ್ತು ಇಳಿದ ಮೇಲೆ ಹೊರಡುವುದು ಸುಮ್ಮನೆ ಅಲ್ಲ.

ಹುಡುಗ ಮಾಡಿದ ಚಿಕಿತ್ಸೆ

ಹುಡುಗ ಕೈಕಟ್ಟಿ ಕೂರಲಿಲ್ಲ, ಆದರೆ ಮಾಡಿದ್ದೆಲ್ಲ ತಿರುಗುಮುರುಗು. ಮೊದಲು ದೊಡ್ಡ ಫ್ಯಾನು ಹಾಕಿಸಿದ. ಗಂಟೆಗೆ ಐವತ್ತು ಅರವತ್ತು ಕಿಲೋಮೀಟರು ದಾಟಿದ ಮೇಲೆ ನುಗ್ಗುವ ಗಾಳಿಯ ಮುಂದೆ ಫ್ಯಾನು ಲೆಕ್ಕಕ್ಕಿಲ್ಲ. ಪೇಟೆಯಲ್ಲಿ ನಿಂತಾಗ ಕಾಯುವ ಕಾರಿಗೆ ಫ್ಯಾನು ಮದ್ದು, ಓಡುವಾಗ ಕಾಯುವ ಕಾರಿಗೆ ಅಲ್ಲ. ಎರಡನೆಯದಾಗಿ ಥರ್ಮೋಸ್ಟಾಟನ್ನು ಕಿತ್ತೆಸೆದ. ಇದು ನಮ್ಮ ಕಡೆಯ ವರ್ಕ್‌ಷಾಪುಗಳಲ್ಲಿ ಬೇರೂರಿದ ಮೂಢನಂಬಿಕೆ. ಅನೇಕ ಇಂಜಿನುಗಳಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಅಡ್ಡದಾರಿಯೊಂದನ್ನು ತಾನೇ ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿನೀರಿನ ಒಂದು ಭಾಗ ರೇಡಿಯೇಟರನ್ನು ಕಾಣದೆ ಆ ಅಡ್ಡದಾರಿಯಿಂದಲೇ ಇಂಜಿನಿಗೆ ಹಿಂತಿರುಗುತ್ತದೆ. ಕೆಟ್ಟಿದ್ದರೆ ಹೊಸದು ಹಾಕಬೇಕು. ತೆಗೆದು ಖಾಲಿ ಬಿಡಕೂಡದು.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯದ್ದು. ಬಾನೆಟ್ಟಿನ ಹಿಂತುದಿಯನ್ನು, ಗಾಜಿನ ಬುಡದಲ್ಲಿ, ವಾಷರು ಕೊಟ್ಟು ಒಂದು ಅಂಗುಲ ಎತ್ತಿದ. ಬಿಸಿಗಾಳಿ ಹೊರಟುಹೋಗಲಿ ಎಂಬ ಆಲೋಚನೆ. ನಿಂತ ಕಾರಿನಲ್ಲಿ ಅದು ನಿಜವೇ. ಆದರೆ ಓಡುವ ಕಾರಿನಲ್ಲಿ ಮುಂಗಾಜಿನ ಬುಡದಲ್ಲಿ ಗಾಳಿ ಬಂದು ಒತ್ತಿ ನಿಲ್ಲುತ್ತದೆ. ಆ ಸಂದಿನಿಂದ ಗಾಳಿ ಒಳಕ್ಕೇ ನುಗ್ಗುತ್ತದೆ. ರೇಡಿಯೇಟರು ದಾಟಿ ಬಂದ ಗಾಳಿಗೆ ಹೊರಹೋಗುವ ದಾರಿ ಇನ್ನೂ ಕಟ್ಟಿತು. ಬಾನೆಟ್ಟಿಗೆ ಕಿಂಡಿ ಬೇಕೇ ಬೇಕೆಂದರೆ ಅದು ರೇಡಿಯೇಟರಿನ ಹಿಂದೆಯೇ, ಬಾನೆಟ್ಟಿನ ಮುಂಭಾಗದಲ್ಲಿ ಇರಬೇಕು.

ಕಾಯಿಲೆ ಕಂಡದ್ದು

ಕಡೆಗೆ ಕಾರು ಹಳೆಯ ಮಿಸ್ತ್ರಿಯೊಬ್ಬರ ಕೈಗೆ ಬಂತು. ಅವರು ಮೊದಲು ಮಾಡಿದ್ದು ಸ್ಪಾನರು ಹಿಡಿಯುವುದಲ್ಲ, ಕಾರಿನ ಮುಳ್ಳನ್ನು ನಂಬದಿರುವುದು. ಈಚಿನ ಎಷ್ಟೋ ಕಾರುಗಳಲ್ಲಿ ಮುಳ್ಳು 75 ಡಿಗ್ರಿಯಿಂದ 105ರವರೆಗೂ ಮಧ್ಯದಲ್ಲೇ ನಿಲ್ಲುವಂತೆ ಮಾಡಿಟ್ಟಿರುತ್ತಾರೆ, ಮಾಲೀಕ ಹೆದರದಿರಲೆಂದು. ಅದು ಮೇಲೆದ್ದು ತೋರಿಸುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಆದುದರಿಂದ ನೀರಿಗೆ ಒಂದು, ಆಯಿಲಿಗೆ ಒಂದು ಬೇರೆಯೇ ಮೀಟರು ಕೂಡಿಸಿದರು. ನೀರು 112 ಡಿಗ್ರಿಗೆ ಹೋಗುತ್ತಿತ್ತು.

ಆಮೇಲೆ ಇಂಜಿನು ಚಾಲೂ ಇಟ್ಟು, ಬಂದೂಕಿನ ಆಕಾರದ ಉಷ್ಣಮಾಪಕವನ್ನು ರೇಡಿಯೇಟರಿನ ಮೈಮೇಲೆಲ್ಲ ಆಡಿಸಿದರು. ಎರಡು ಅಂಚು ಬಿಸಿ, ನಡುವೆ ಅಂಗೈಯಗಲ ತಣ್ಣಗೆ. ತಣ್ಣಗಿರುವುದು ಒಳ್ಳೆಯ ಲಕ್ಷಣವಲ್ಲ. ಅಲ್ಲಿಗೆ ನೀರೇ ಬರುತ್ತಿಲ್ಲ ಎಂದರ್ಥ. ತಣಿದ ಮೇಲೆ ಮುಚ್ಚಳ ತೆಗೆದು ಬೆರಳು ಹಾಕಿದರೆ ಕುತ್ತಿಗೆಯ ಒಳಗೆಲ್ಲ ಬಿಳಿಯ ಪೊರೆ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅಂಥದು.

ಅದು ಭಂಕೂರದ ಕಲ್ಲು. ನಾವು ಕಣಕ್ಕೆ ಹಾಸಲು ತರುವ, ವಾಡಿಯಲ್ಲಿ ಸಿಮೆಂಟಾಗುವ ಅದೇ ಸುಣ್ಣ, ನೆಲದೊಳಗಿನ ನೀರಿನಲ್ಲಿ ಕರಗಿ ಬೋರಿನಿಂದ ಮೇಲೆ ಬರುತ್ತದೆ. ಹಿಂದಿನ ಮಾಲೀಕರು ವರ್ಷಗಟ್ಟಲೆ ರೇಡಿಯೇಟರಿಗೆ ಆ ನೀರನ್ನೇ ಹಾಕಿಸಿದ್ದರು. ನೀರು ಕಾದಾಗ ಸುಣ್ಣ ಬೇರ್ಪಟ್ಟು, ಅತಿ ಬಿಸಿಯಾದ ಜಾಗದಲ್ಲಿ ಮತ್ತು ಅತಿ ಕಿರಿದಾದ ಕೊಳವೆಯಲ್ಲಿ ಕೂರುತ್ತದೆ. ಅಲ್ಯೂಮಿನಿಯಂ ಹಾಯಗೊಡುವ ಶಾಖದಲ್ಲಿ ಸುಮಾರು ನೂರನೇ ಒಂದು ಪಾಲನ್ನು ಮಾತ್ರ ಈ ಪೊರೆ ಹಾಯಗೊಡುತ್ತದೆ. ಇದರಲ್ಲಿ ಆ ವ್ಯಾಪಾರಿಯ ಮೋಸವೇನೂ ಕಾಣೆ. ಮನೆಯ ನೀರನ್ನು ಮನೆಯ ಕಾರಿಗೆ ಹಾಕಿದರು. ಅಲ್ಲಿನ ಲಾರಿ ಡ್ರೈವರುಗಳಿಗೆ ಮಾತ್ರ ಇದು ಚೆನ್ನಾಗಿ ಗೊತ್ತು. ಕಲ್ಲು ತಂದ ದಿನವೇ ಒಬ್ಬಾತ ನಮ್ಮ ಸದಸ್ಯರಿಗೆ ಹೇಳಿದ್ದನಂತೆ: “ಸಾಹೇಬ್ರ, ಬಾವಿ ನೀರ ಹಾಕಬ್ಯಾಡ್ರಿ, ಅದ್ರಾಗ ಕಲ್ಲದ.” ಇವರು ಅದನ್ನು ಕುಡಿಯುವ ನೀರಿನ ವಿಷಯವೆಂದು ತಿಳಿದರು.

ಪೊರೆ ತೆಳ್ಳಗಿದ್ದರೆ ಸಿಟ್ರಿಕ್ ಆಸಿಡ್ಡಿನ ತೆಳು ದ್ರಾವಣ ಅಥವಾ ಅಂಗಡಿಯಲ್ಲಿ ಸಿಗುವ ರೇಡಿಯೇಟರ್ ತೊಳೆಯುವ ಔಷಧಿ ಸಾಕು. ಅನಂತರ ಹಲವು ಸಲ ಶುದ್ಧ ನೀರಿನಲ್ಲಿ ತೊಳೆಯಬೇಕು. ಪಾಯಖಾನೆ ತೊಳೆಯುವ ಆಸಿಡ್ಡನ್ನು ಮಾತ್ರ ಹತ್ತಿರ ತರಬೇಡಿ, ಅದು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಈ ಕಾರಿನದು ತೊಳೆಯುವ ಹಂತ ದಾಟಿತ್ತು. ಇಂಜಿನಿನ ಒಳಭಾಗವನ್ನು ತೊಳೆದು, ರೇಡಿಯೇಟರನ್ನು ಬದಲಿಸಿದರು. ದೊಡ್ಡದಲ್ಲ, ಕಂಪನಿಯ ಅಳತೆಯದೇ. ಹುಡುಗನಿಗೆ ನಿರಾಶೆಯಾಯಿತಂತೆ. ಆದರೆ ಇರುವುದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಮೊದಲು ದೊಡ್ಡದನ್ನು ತರುವುದು, ಬೇರು ಕೊಳೆತ ಗಿಡಕ್ಕೆ ಗೊಬ್ಬರ ಸುರಿದಂತೆ.

ಮುಚ್ಚಳವನ್ನೂ ಬದಲಿಸಿದರು. ಇದನ್ನು ಯಾರೂ ಗಣನೆಗೆ ತರುವುದಿಲ್ಲ. ಚಿಕ್ಕಮಗಳೂರಿನ ಎತ್ತರದಲ್ಲಿ ಬಟ್ಟಬಯಲ ನೀರು 97 ಡಿಗ್ರಿಯ ಒಳಗೇ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ 0.9 ಬಾರ್ ಒತ್ತಡದ ಮುಚ್ಚಳದ ಕೆಳಗೆ ಅದು ಕುದಿಯಲು ಸುಮಾರು 118 ಡಿಗ್ರಿ ಬೇಕು. ಸ್ಪ್ರಿಂಗು ಸೋತು ಒತ್ತಡ 0.4ಕ್ಕೆ ಇಳಿದರೆ 109ಕ್ಕೇ ಕುದಿ. ಅತಿ ಕಡಿಮೆ ಬೆಲೆಯ ಸಾಮಾನು, ಒಂಬತ್ತು ಡಿಗ್ರಿಯ ಲಾಭ. ಬಿಸಿಯಿರುವಾಗ ಅದನ್ನು ತಿರುಗಿಸಿ ಮುಖ ಸುಟ್ಟುಕೊಂಡವರು ನಮ್ಮಲ್ಲೂ ಇದ್ದಾರೆ; ಮುಚ್ಚಳದ ಮೇಲೆ ಬರಿಗೈ ಇಡುವಷ್ಟು ತಣಿಯುವವರೆಗೆ ಕಾಯಬೇಕು.

ಇಷ್ಟಾದ ಮೇಲೆ ರೇಸಿನ ಹಾದಿಯಲ್ಲಿ ನೀರು 104ಕ್ಕೆ ನಿಂತಿತು. ಕುದಿಯಲಿಲ್ಲ, ನೆಮ್ಮದಿಯೂ ಇಲ್ಲ.

ಉಳಿದ ಕೆಲಸ ತಗಡು ಮತ್ತು ಸ್ಪಂಜಿನದು. ಗಾಳಿಯೂ ನೀರಿನ ಹಾಗೆಯೇ, ಸುಲಭದ ದಾರಿ ಹಿಡಿಯುತ್ತದೆ. ಮುಂದಿನ ಬಾಯಿಯಿಂದ ಒಳಬಂದ ಗಾಳಿ ರೇಡಿಯೇಟರಿನ ಸಣ್ಣ ಸಂದುಗಳಲ್ಲಿ ನುಸುಳುವ ಬದಲು ಅಕ್ಕಪಕ್ಕದ ಖಾಲಿ ಜಾಗದಿಂದ ಜಾರಿಹೋಗುತ್ತಿತ್ತು. ತೋಟದ ಕಾಲುವೆಗೆ ಬದು ಕಟ್ಟುವಂತೆ ಮಿಸ್ತ್ರಿಯವರು ಬಾಯಿಯಿಂದ ರೇಡಿಯೇಟರಿನ ನಾಲ್ಕೂ ಅಂಚಿನವರೆಗೆ ಅಲ್ಯೂಮಿನಿಯಂ ತಗಡು ಕೂಡಿಸಿ, ಸಂದುಗಳಿಗೆ ಸ್ಪಂಜು ತುರುಕಿದರು. ಯಾರೋ ಕಳಚಿಟ್ಟಿದ್ದ ಹೊಟ್ಟೆಯ ತಗಡನ್ನು ಮತ್ತೆ ಹಾಕಿದರು. ಅದಿಲ್ಲದಿದ್ದರೆ ಕೆಳಗಿನಿಂದ ನುಗ್ಗುವ ಗಾಳಿ ಒಳಗಿನದನ್ನು ಹೊರಬಿಡುವುದಿಲ್ಲ. ಬಾನೆಟ್ಟಿನ ವಾಷರು ತೆಗೆದು ಕೆಳಗಿಳಿಸಿದರು. ನೀರು 97. ಇಡೀ ಚಿಕಿತ್ಸೆಯಲ್ಲಿ ಅತಿ ಅಗ್ಗದ ಭಾಗ ಇದೇ, ಮತ್ತು ನನ್ನ ಮಟ್ಟಿಗೆ ಅತಿ ಜಾಣತನದ ಭಾಗವೂ ಇದೇ.

ಇನ್ನು ಯಾವ ನೀರು ಹಾಕುವುದು ಎಂಬ ಪ್ರಶ್ನೆ. ಹಸಿರು, ಕೆಂಪು ಬಣ್ಣದ ಕೂಲೆಂಟುಗಳಲ್ಲಿರುವ ಗ್ಲೈಕಾಲಿಗಿಂತ ಬರಿಯ ನೀರೇ ಶಾಖವನ್ನು ಚೆನ್ನಾಗಿ ಹೊರುತ್ತದೆ. ಗ್ಲೈಕಾಲು ರಸ್ತೆಗೆ ಚೆಲ್ಲಿದರೆ ಎಣ್ಣೆಯಂತೆ ಜಾರುವುದರಿಂದ ಅನೇಕ ರೇಸಿನ ಹಾದಿಗಳಲ್ಲಿ ಅದಕ್ಕೆ ನಿಷೇಧ. ಅಲ್ಲಿ ಡಿಸ್ಟಿಲ್ಡ್ ವಾಟರಿಗೆ ತುಕ್ಕು ತಡೆಯುವ ಔಷಧಿ ಬೆರೆಸುತ್ತಾರೆ. ದಿನಬಳಕೆಗೆ ಕೂಲೆಂಟೇ ಮೇಲು; ಅದು ಕುದಿಯುವ ಬಿಂದುವನ್ನೂ ಏರಿಸುತ್ತದೆ. ಔಷಧಿಯಿಲ್ಲದ ಬರೀ ಮೆದುನೀರು ಮಾತ್ರ ನಿಧಾನವಾಗಿ ಲೋಹವನ್ನು ಕೊರೆಯುತ್ತದೆ. ತುರ್ತಿಗೆ ನಮ್ಮ ಸೀಮೆಯವರಿಗೆ ಚಿಂತೆಯಿಲ್ಲ: ಎರಡು ದಿನ ಸುರಿದು ಮಾಡು ತೊಳೆದ ಮೇಲಿನ ಮಳೆನೀರಿನಲ್ಲಿ ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಬಯಲುಸೀಮೆಗೆ ಹಾಸುಗಲ್ಲಿಗೋ ಬೇರೆ ಕೆಲಸಕ್ಕೋ ಹೋಗುವವರು ಅಂಥ ನೀರಿನ ಒಂದು ಕ್ಯಾನು ಜೀಪಿನಲ್ಲಿಟ್ಟುಕೊಳ್ಳಿ.

ಧೂಳಿನ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ರೇಡಿಯೇಟರಿನ ಹೊರಮೈಗೆ ಕೆಸರು, ಹುಲ್ಲಿನ ಬೀಜ, ಅಡಿಕೆ ಸಿಪ್ಪೆಯ ನಾರು ಅಂಟುತ್ತದೆ. ಇಂಜಿನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟರೆ ಹೋಗುತ್ತದೆ. ಸಿಮೆಂಟು ಕಾರ್ಖಾನೆಯ ಆಸುಪಾಸಿನಲ್ಲಿ ಓಡಿದ ಗಾಡಿಗೆ ಈ ಉಪಾಯ ನಡೆಯದು. ಮೊದಲು ಗಾಳಿ ಹೊಡೆದು ಧೂಳು ತೆಗೆಯಬೇಕು. ನೀರು ಬಿಟ್ಟಿರೋ, ಅದು ಅಲ್ಲೇ ಗಾರೆಯಾಗಿ ಕೂರುತ್ತದೆ.

ಕಾರು ಈಗ ಎಂಟು ಸುತ್ತು ಓಡುತ್ತದೆ. ಒಂಬತ್ತನೆಯದನ್ನು ಹುಡುಗ ನಿಧಾನವಾಗಿ, ಮೇಲಿನ ಗೇರಿನಲ್ಲಿ ಓಡಿಸಿ ಇಂಜಿನು ತಣಿಸಿಕೊಂಡೇ ನಿಲ್ಲಿಸುತ್ತಾನೆ. ಕಾದ ಇಂಜಿನನ್ನು ಥಟ್ಟನೆ ಆರಿಸಿದರೆ ಪಂಪು ನಿಂತು, ತಲೆಭಾಗದ ನೀರು ನಿಂತಲ್ಲೇ ಕುದಿಯುತ್ತದೆ. ಹೊಸ ಮೀಟರಿನಿಂದ ಇನ್ನೊಂದು ಸಂಗತಿ ಹೊರಬಿದ್ದಿದೆ. ನೀರು ಸರಿಯಿದ್ದರೂ ಆಯಿಲು ಎಂಟನೆಯ ಸುತ್ತಿಗೆ 130 ಡಿಗ್ರಿ ಮುಟ್ಟುತ್ತಿದೆ. ಅದರಾಚೆಗೆ ಆಯಿಲು ತೆಳ್ಳಗಾಗಿ ಬೇರಿಂಗುಗಳಿಗೆ ಆಸರೆ ಸಾಲದು. ಆಯಿಲು ಕೂಲರೊಂದು ಬೇಕೇ ಬೇಕೆಂದು ಮಿಸ್ತ್ರಿಯವರ ಅಭಿಪ್ರಾಯ. ಬೆಲೆ ಕೇಳಿದ ತಂದೆ ಇನ್ನೂ ಉತ್ತರ ಕೊಟ್ಟಿಲ್ಲ.